ಕಂಪೌಂಡರ್ ಸಾಹೇಬರ ನಿದ್ದೆ

ಮೊನ್ನೆ ಕೆಮ್ಮು ಹಿಡಿದು ಬಿಡದಾದಾಗ ಮಗಳು ಒಂದು ಬಾಟಲಿ ಔಷಧ ತಂದಳು. ಬಾಟಲಿಯ ತಲೆಯ ಮೇಲೆ ಟೊಪ್ಪಿಗೆಯಂತೆ ಒಂದು ಪ್ಲಾಸ್ಟಿಕ್ ಲೋಟ, ಲೋಟದ ಮೈಮೇಲೆ ಗೆರೆಗಳು. ಆ ಗೆರೆ ಕಾಣಲು ನನಗೆ ಕನ್ನಡಕ ಬೇಕು, ಕನ್ನಡಕ ಹುಡುಕಲು ಮಗಳು ಬೇಕು. ಅವಳೇ ಅಳೆದು ಕೈಗೆ ಕೊಟ್ಟಳು. ಬಾಯಿಯ ಹತ್ತಿರ ತಂದಾಗ ಬಡೇಸೋಪಿನ ವಾಸನೆ ಬಂತು. ಲೋಟ ಹಾಗೆಯೇ ಕೈಯಲ್ಲಿ ಉಳಿಯಿತು. "ಕುಡಿಯವ್ವಾ, ಕಹಿ ಇಲ್ಲ" ಎಂದಳು ಮಗಳು. ಕಹಿಯ ಮಾತಾಗಿರಲಿಲ್ಲ ಅದು... ನಾನು ಆಳಂದದ ಸರ್ಕಾರಿ ದವಾಖಾನೆಯ ಕಟ್ಟೆಯ ಮೇಲೆ, ಸೊಂಟದ ಮೇಲೆ ಇದೇ ಮಗಳನ್ನು ಕೂರಿಸಿಕೊಂಡು ನಿಂತಿದ್ದೆ.

ಆಗ ನನಗೆ ಇಪ್ಪತ್ತು ತುಂಬಿರಲಿಲ್ಲ. ತವರು ಜೇವರ್ಗಿ ಕಡೆಯ ಇಜೇರಿ, ಗಂಡನ ಮನೆ ಆಳಂದ. ಮಗಳಿಗೆ ಒಂದೂವರೆ ವರ್ಷ. ದೇಶಕ್ಕೆ ಸ್ವಾತಂತ್ರ್ಯ ಬಂದು ಹತ್ತು ತಿಂಗಳಾಗಿತ್ತು, ನಮಗೆ ಬಂದಿರಲಿಲ್ಲ. ನಾವಿನ್ನೂ ನಿಜಾಮರ ಪ್ರಜೆಗಳು. ಗಂಡ ಚಳವಳಿಯವರ ಜೊತೆ ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿದ್ದರು. ಮನೆಯಲ್ಲಿ ಉಳಿದವರು ನಾನು, ಅತ್ತೆ, ಕೂಸು. ಅತ್ತೆಯ ಬಾಯಿ ದೊಡ್ಡದು. ನನ್ನದೂ ಸಣ್ಣದೇನಲ್ಲ. ನಮ್ಮ ಮನೆಯ ಎದುರಿಗೇ ದವಾಖಾನೆ ಇದ್ದುದರಿಂದ ನಮ್ಮಿಬ್ಬರ ಜಗಳ ಅಲ್ಲಿಯ ರೋಗಿಗಳಿಗೆಲ್ಲ ಪುಕ್ಕಟೆ ಕೇಳಿಸುತ್ತಿತ್ತು.

ದವಾಖಾನೆಯ ಡಾಕ್ಟರು ಗಲಾಟೆಯ ಸುದ್ದಿ ಹೆಚ್ಚಾದಾಗ ರಜೆ ಹಾಕಿ ಹೋದವರು ತಿರುಗಿ ಬರಲಿಲ್ಲ. ಉಳಿದವರು ಕಂಪೌಂಡರ್ ಸಾಹೇಬರು ಮತ್ತು ಒಬ್ಬ ಮುದಿ ಆಯಾ. ಸಾಹೇಬರು ಅಫಜಲಪುರದ ಕಡೆಯವರು, ನಲವತ್ತು ದಾಟಿದವರು, ಉದ್ದಕ್ಕೆ ಒಣಗಿದ ಆಳು. ಮನೆಯಲ್ಲಿ ದಖನಿ ಉರ್ದು, ದವಾಖಾನೆಯಲ್ಲಿ ನಮ್ಮ ಕನ್ನಡ. ರೋಗಿ ಎಷ್ಟು ಬಡವನೋ ಅಷ್ಟು ಗೌರವದಿಂದ ಮಾತಾಡುತ್ತಿದ್ದರು. ಇದು ನಮ್ಮ ಅತ್ತೆಗೆ ಹಿಡಿಸುತ್ತಿರಲಿಲ್ಲ, ಏಕೆಂದರೆ ನಾವು ಬಡವರಾಗಿರಲಿಲ್ಲ.

ಔಷಧ ಬೇಕಾದವರು ಬಾಟಲಿಯನ್ನು ಮನೆಯಿಂದಲೇ ತೊಳೆದು ತರಬೇಕಿತ್ತು. ಸಾಹೇಬರು ಅದರಲ್ಲಿ ಮಿಕ್ಸ್ಚರ್ ತುಂಬಿ, ಹೊರಗೆ ಒಂದು ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದರು. ಒಮ್ಮೆಗೆ ಎಷ್ಟು ಕುಡಿಯಬೇಕೋ ಅದಕ್ಕೆ ಖುರಾಕು ಎನ್ನುತ್ತಿದ್ದರು. ಓದು ಬಾರದವರಿಗೂ ಖುರಾಕು ತಿಳಿಯಲಿ ಎಂದು ಆ ಪಟ್ಟಿ. ಕಾಗದವನ್ನು ಔಷಧದ ಎತ್ತರಕ್ಕೆ ಕತ್ತರಿಸಿ, ಒಮ್ಮೆ ಮಡಿಚಿ, ಮತ್ತೊಮ್ಮೆ ಮಡಿಚಿ, ಮೂರನೆಯ ಸಲ ಮಡಿಚಿ, ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಹಾಕುವರು. ಬಿಚ್ಚಿದರೆ ಎಂಟು ಸಮಭಾಗ, ಇದು ಮಕ್ಕಳ ಔಷಧಕ್ಕೆ. ಬಾಟಲಿಗೆ ಅಂಟಿಸಿದ ಮೇಲೆ ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿನವರೆಗೆ ಒಂದು ಖುರಾಕು. ದೊಡ್ಡವರ ಔಷಧಕ್ಕೆ ಎರಡೇ ಮಡಿಕೆ, ನಾಲ್ಕು ಭಾಗ. ಆ ಉದ್ದನೆಯ ಬೆರಳುಗಳು ಕಾಗದ ಮಡಿಚುವುದನ್ನು ನೋಡಲೆಂದೇ ನಾನು ಕೆಲವು ಸಲ ಕಿಟಕಿಯ ಹತ್ತಿರ ನಿಲ್ಲುತ್ತಿದ್ದೆ.

ಆ ಬೇಸಿಗೆಯ ಕೊನೆಗೆ ಕಾಲರಾ ಬಂತು. ಮೊದಲು ನರೋಣಾ ಕಡೆಯಿಂದ ಒಂದು ಬಂಡಿ, ಮರುದಿನ ಮೂರು, ಆಮೇಲೆ ಲೆಕ್ಕ ತಪ್ಪಿತು. ದವಾಖಾನೆಯ ಪಡಸಾಲೆ ತುಂಬಿ, ಹೊರಗಿನ ಬೇವಿನ ಮರದ ಕೆಳಗೂ ಚಾಪೆ ಹಾಸಿದರು. ಸಾಹೇಬರು ಒಬ್ಬರೇ ನೀರು ಕುದಿಸಿ, ಉಪ್ಪು ಬೆರೆಸಿ, ಸೂಜಿಯಿಂದ ನರಕ್ಕೆ ಬಿಡಬೇಕು. ಒಬ್ಬೊಬ್ಬರ ಹತ್ತಿರ ತಾಸುಗಟ್ಟಲೆ ಕೂರಬೇಕು. ನಡುವೆ ಸೈಕಲ್ ಹತ್ತಿ ಊರೂರಿನ ಬಾವಿಗಳಿಗೆ ಕೆಂಪು ಔಷಧ ಹಾಕಿ ಬರಬೇಕು. ಕಣ್ಣು ಗುಳಿ ಬಿದ್ದು ಬಂದವರು ಎರಡು ದಿನಕ್ಕೆ ಎದ್ದು ಕೂತು ಗಂಜಿ ಕುಡಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಲ್ಲರೂ ಬದುಕಲಿಲ್ಲ. ಬದುಕಿದವರೆಲ್ಲ ಆ ಒಬ್ಬ ಮನುಷ್ಯನ ಕೈಯಿಂದ ಬದುಕಿದರು.

ಅವರು ಮಲಗುವುದನ್ನೇ ಬಿಟ್ಟರು. ಮೊದಲ ದಿನವೇ ತಾವು ಕೂರುವ ಸ್ಟೂಲನ್ನು ಎತ್ತಿ ಹೊರಗಿಟ್ಟರಂತೆ. "ಕೂತ್ರ ಕಣ್ಣ ಮುಚ್ಚತಾವ, ಅದಕ್ಕ ಕೂಡೋದೇ ಬ್ಯಾಡ" ಎಂದರಂತೆ. ದವಡೆಯಲ್ಲಿ ಲವಂಗ, ಕುತ್ತಿಗೆಗೆ ಒದ್ದೆ ಟವೆಲು. ಅಳತೆಯ ಗಾಜಿಗೆ ಔಷಧ ಸುರಿಯುವಾಗ ಹಣೆಯನ್ನು ಬಾಟಲಿಗಳ ಕಪಾಟಿಗೆ ಒರಗಿಸಿ, ಗಾಜು ತುಂಬುವಷ್ಟರಲ್ಲಿ ಒಂದು ನಿದ್ದೆ ತೆಗೆಯುತ್ತಿದ್ದರು. ಜಿಡಗಾದಿಂದ ಬರುವಾಗ ಒಮ್ಮೆ ಸೈಕಲ್ ಸಮೇತ ಕಾಲುವೆಗೆ ಬಿದ್ದು, ಮೊಣಕೈ ತರಚಿಕೊಂಡು ಬಂದರು. ನಾವೆಲ್ಲ ಕೇಳಿದ್ದಕ್ಕೆ, "ನಾ ಎಚ್ಚರ ಇದ್ದೆ, ಸೈಕಲ್ಲಿಗೇ ನಿದ್ದಿ ಬಂದಿತ್ತು" ಎಂದು ನಕ್ಕರು. ನಾವೂ ನಕ್ಕೆವು.

ನಗಬಾರದಿತ್ತು ಎಂದು ಈಗ ಅನಿಸುತ್ತದೆ. ಆಗ ನಮಗೆ ಅದು ಹೆಮ್ಮೆಯ ಮಾತಾಗಿತ್ತು. ನಮ್ಮ ಸಾಹೇಬರು ಮಲಗಿ ನಾಲ್ಕು ದಿನವಾಯಿತು, ಐದು ದಿನವಾಯಿತು ಎಂದು ನೀರಿಗೆ ಹೋದ ಹೆಂಗಸರು ಬಾವಿಯ ಹತ್ತಿರ ಎಣಿಸುತ್ತಿದ್ದರು. ಕುಸ್ತಿಯ ಪೈಲ್ವಾನನ ಸಾಮು ಹೇಳಿಕೊಳ್ಳುವ ಹಾಗೆ ಪರಊರವರ ಮುಂದೆ ಹೇಳಿಕೊಳ್ಳುತ್ತಿದ್ದೆವು. ಅವರಿಗೆ ನಿದ್ದೆ ಬೇಡವೆಂದೇ ನಾವು ತೀರ್ಮಾನಿಸಿದಂತಿತ್ತು. ಕೇಳಿದ ಮಾತನ್ನೇ ಎರಡು ಸಲ ಕೇಳುತ್ತಿದ್ದರು, ಅದೂ ನಮಗೆ ತಮಾಷೆ. ಒಬ್ಬ ಒಕ್ಕಲಿಗನ ಎಡಗಾಲಿನ ಗಾಯ ತೊಳೆದು, ಬಲಗಾಲಿಗೆ ಚಂದವಾಗಿ ಪಟ್ಟಿ ಕಟ್ಟಿ ಕಳಿಸಿದರು. ಆ ಪುಣ್ಯಾತ್ಮ ಸಾಹೇಬರಿಗೆ ಎದುರು ಮಾತಾಡಬಾರದೆಂದು ಕೈ ಮುಗಿದು ಹಾಗೆಯೇ ಮನೆಗೆ ಹೋದ! ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇದು ನಗುವ ಸಂಗತಿಯಲ್ಲ, ಇವರನ್ನು ಯಾರಾದರೂ ಹಿಡಿದು ಮಲಗಿಸಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಈಗ ನಮ್ಮ ಓಣಿಯಲ್ಲಿ ಆಂಬ್ಯುಲೆನ್ಸ್ ಓಡಿಸುವವನೊಬ್ಬ ಇದ್ದಾನೆ. "ಅಜ್ಜೀ, ಎರಡು ದಿನ ಆತು ಕಣ್ಣ ಮುಚ್ಚಿಲ್ಲ" ಎಂದು ಅವನೂ ಹೆಮ್ಮೆಯಿಂದಲೇ ಹೇಳುತ್ತಾನೆ. ನಾನು ಬೈಯುತ್ತೇನೆ. ಮುದುಕಿಗೆ ಏನು ಗೊತ್ತು ಎಂದುಕೊಳ್ಳುತ್ತಾನೋ ಏನೋ.

ಆರನೆಯ ದಿನವಿರಬೇಕು. ನನ್ನ ಮಗಳಿಗೆ ಹಲ್ಲು ಬರುವ ಹೊತ್ತು, ಹೊಟ್ಟೆ ಕೆಟ್ಟು ಎರಡು ದಿನದಿಂದ ಕಿರಿಕಿರಿ ಅಳು. ಕಾಲರಾ ಅಲ್ಲ. ಅದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಕೂಸು ನೀರು ಕುಡಿಯುತ್ತಿತ್ತು, ಅಳುವಷ್ಟು ಗಟ್ಟಿಯಾಗಿತ್ತು. ಆದರೆ ಅಳು ಕೇಳಿ ಕೇಳಿ ನನ್ನ ತಲೆ ಕೆಟ್ಟಿತ್ತು. ಬಿಸಿಲು ಏರುವ ಮೊದಲೇ ಬಾಟಲಿ ತೊಳೆದುಕೊಂಡು ದವಾಖಾನೆಗೆ ಹೋದೆ.

ಆಯಾ ಬಾಗಿಲಲ್ಲೇ ತಡೆದಳು. "ಈಗರೆ ಕಣ್ಣ ಮುಚ್ಚ್ಯಾರ ಯವ್ವಾ. ಪೇಶಂಟ್ ಎಲ್ಲಾ ಜರಾ ಆರಾಮ ಆಗ್ಯಾರಂತ ನಾನೇ ಬಲವಂತ ಮಾಡಿ ಮಲಗಿಸೇನಿ. ಒಂದೆರಡ ತಾಸ ಬಿಟ್ಟು ಬಾ."

"ಎರಡ ತಾಸ ಬಿಟ್ಟು ಅಳು ಅಂತ ಕೂಸಿಗಿ ಹೇಳಲೇನು?" ಎಂದೆ. ಅವಳನ್ನು ಸರಿಸಿ ಒಳಗೆ ಹೋದೆ. ಹಿಂದಿನ ಪಡಸಾಲೆಯಲ್ಲಿ ನೆಲದ ಮೇಲೆ, ಚಾಪೆಯೂ ಇಲ್ಲದೆ, ಬೂಟು ಹಾಕಿಕೊಂಡೇ ಮಲಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಆ ಮುಖ ನೋಡಿಯೂ ನನಗೆ ಪಾಪ ಎನಿಸಲಿಲ್ಲ. ಸತ್ಯ ಬರೆಯಬೇಕೆಂದರೆ, ಊರಿನವರಿಗೆಲ್ಲ ಆರು ದಿನ ಎಚ್ಚರ ಇದ್ದವರು ನನ್ನ ಪಾಳಿ ಬಂದಾಗಲೇ ಮಲಗಬೇಕೇ ಎಂದು ಸಿಟ್ಟು ಬಂತು. "ಸಾಹೇಬ್ರ" ಎಂದೆ. ಏಳಲಿಲ್ಲ. ಬಳೆ ಸದ್ದು ಮಾಡಿದೆ, ಬಾಗಿಲು ಬಡಿದೆ, ಮತ್ತೆ ಜೋರಾಗಿ ಕೂಗಿದೆ.

ಎದ್ದರು. ಮುಖದಲ್ಲಿ ಒಂದು ಗೆರೆಯಷ್ಟೂ ಬೇಸರವಿಲ್ಲ. "ಹಾಂ, ಬಾ ತಂಗೀ, ಬಾ" ಎಂದು ಗೋಡೆ ಹಿಡಿದುಕೊಂಡು ಔಷಧದ ಕೋಣೆಗೆ ನಡೆದರು. ಕೂಸಿನ ಹೊಟ್ಟೆ ಮುಟ್ಟಿ ನೋಡಿದರು, ನಾಲಿಗೆ ನೋಡಿದರು. ವಯಸ್ಸು ಎಷ್ಟೆಂದು ಕೇಳಿದರು, ಹೇಳಿದೆ, ಮತ್ತೆ ಅದನ್ನೇ ಕೇಳಿದರು. ಬಡೇಸೋಪಿನ ಅರ್ಕದಲ್ಲಿ ಹೊಟ್ಟೆ ಕಟ್ಟುವ ಔಷಧ ಬೆರೆಸಿದರು. ಅದರಲ್ಲಿ ಅಫೀಮಿನ ಹನಿಗಳಿರುತ್ತವೆ ಎಂದು ನನಗೆ ಆಮೇಲೆ ತಿಳಿಯಿತು. ಪಟ್ಟಿಗೆ ಕಾಗದ ಮಡಿಚಿದರು. ಕಣ್ಣು ಮುಚ್ಚಿತ್ತು, ಬೆರಳು ಮಾತ್ರ ಕೆಲಸ ಮಾಡುತ್ತಿತ್ತು. ನಿದ್ದೆಯಲ್ಲೂ ಇವರ ಕೈ ತಪ್ಪುವುದಿಲ್ಲವಲ್ಲ ಎಂದು ನಾನು ಬೆರಗಿನಿಂದ ನೋಡಿದೆ. ಅವರು ಮಡಿಚಿದ್ದು ಎರಡೇ ಸಲ. ನಾನು ನೋಡುತ್ತ ನಿಂತೇ ಇದ್ದೆ, ಎಣಿಸಲಿಲ್ಲ.

ಮನೆಗೆ ಬಂದು ಒಂದು ಕಚ್ಚಿನವರೆಗೆ ಕುಡಿಸಿದೆ. ಮೂರು ತಾಸಿನ ಮೇಲೆ ಇನ್ನೊಂದು. ಕೂಸು ಅಳು ನಿಲ್ಲಿಸಿ ಮಲಗಿತು. ಎರಡು ದಿನದ ಅಳು ನಿಂತು ಮನೆ ಸುಮ್ಮನಾಯಿತು. ಅತ್ತೆ ನಿಶ್ಚಿಂತೆಯಿಂದ ರೊಟ್ಟಿ ಬಡಿದರು. ನಾನು ತೊಟ್ಟಿಲ ಹತ್ತಿರ ಕೂತು, ಕಂಪೌಂಡರ್ ಸಾಹೇಬರ ಔಷಧವೆಂದರೆ ಔಷಧ ಎಂದು ಹೊಗಳಿದ್ದೂ ಆಯಿತು. ಮಧ್ಯಾಹ್ನ ಊಟಕ್ಕೆ ಎಬ್ಬಿಸಹೋದೆ. ಏಳಲಿಲ್ಲ. ಕೆನ್ನೆ ತಟ್ಟಿದೆ, ಪಾದಕ್ಕೆ ಚಿವುಟಿದೆ. ಕೂಸಿನ ಕೈ ಎತ್ತಿದರೆ ಒದ್ದೆ ಬಟ್ಟೆಯಂತೆ ಕೆಳಗೆ ಬಿತ್ತು. ಉಸಿರು ಬರುತ್ತಿತ್ತು, ಆದರೆ ಒಂದು ಬಂದ ಮೇಲೆ ಇನ್ನೊಂದಕ್ಕೆ ಕಾಯಬೇಕಾಗಿತ್ತು. ಆ ಕಾಯುವ ಹೊತ್ತನ್ನು ನಾನು ಯಾವ ವೈರಿಗೂ ಬಯಸುವುದಿಲ್ಲ.

ಎತ್ತಿಕೊಂಡು ಬರಿಗಾಲಲ್ಲಿ ಓಡಿದೆ. ಸಾಹೇಬರು ಬೇವಿನ ಮರದ ಕೆಳಗೆ ಯಾರಿಗೋ ಸೂಜಿ ಹಾಕುತ್ತಿದ್ದರು. ಕೂಸಿನ ರೆಪ್ಪೆ ಬಿಡಿಸಿ ನೋಡಿದರು. ಕಣ್ಣಿನ ಕಪ್ಪು ಬೊಟ್ಟು ಸಾಸಿವೆಯಷ್ಟಾಗಿತ್ತು. "ತಂಗೀ, ಬಾಟ್ಲಿ ತಾ" ಎಂದರು. ಅಷ್ಟರಲ್ಲಿ ಅತ್ತೆ ಬಾಟಲಿ ಹಿಡಿದುಕೊಂಡೇ ಓಡಿ ಬಂದಿದ್ದರು. ಸಾಹೇಬರು ಅದನ್ನು ಬೆಳಕಿಗೆ ಹಿಡಿದು ಪಟ್ಟಿಯ ಭಾಗಗಳನ್ನು ಬೆರಳಿನಿಂದ ಎಣಿಸಿದರು. ಒಂದು, ಎರಡು, ಮೂರು, ನಾಲ್ಕು. ಐದನೆಯದನ್ನು ಹುಡುಕುವಂತೆ ಬೆರಳು ಬಾಟಲಿಯ ಬುಡದವರೆಗೂ ಹೋಯಿತು. ಎಂಟು ಖುರಾಕಿನ ಔಷಧಕ್ಕೆ ನಾಲ್ಕು ಖುರಾಕಿನ ಪಟ್ಟಿ. ಕೂಸಿನ ಹೊಟ್ಟೆಗೆ ಎರಡೂ ಸಲ ಎರಡರಷ್ಟು ಅಫೀಮು ಹೋಗಿತ್ತು. ಅವರ ಮುಖದಲ್ಲಿದ್ದ ಆರು ದಿನದ ನಿದ್ದೆ ಆ ಕ್ಷಣಕ್ಕೆ ಹಾರಿಹೋಯಿತು.

ಆಯಾ ಮೆಲ್ಲಗೆ ಹತ್ತಿರ ಬಂದು, "ಬಾಟ್ಲಿ ಇತ್ಲಾಗ ಕೊಡ್ರಿ ಸಾಹೇಬ್ರ, ತೊಳದ ಇಡ್ತೇನಿ" ಎಂದಳು. ಅವಳ ಉದ್ದೇಶ ಯಾರಿಗೂ ತಿಳಿಯುವಂಥದೇ. ಆ ದಿನಗಳು ಹೇಗಿದ್ದವೆಂದರೆ, ಒಬ್ಬ ಸಾಬರು ಒಂದು ಲಿಂಗಾಯತರ ಕೂಸಿಗೆ ಏನೋ ಕುಡಿಸಿದರಂತೆ ಎಂಬ ಮಾತು ಓಣಿ ದಾಟಿದರೆ ಊರೇ ಹೊತ್ತಿಕೊಳ್ಳಬಹುದಿತ್ತು. ಪಟ್ಟಿ ಹರಿದು ಬಾಟಲಿ ತೊಳೆದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಸೊಸೆಯೇ ಹೆಚ್ಚು ಕುಡಿಸಿದಳು ಎಂದರೂ ಮುಗಿಯುತ್ತಿತ್ತು, ನಮ್ಮ ಅತ್ತೆಯೇ ಮೊದಲು ನಂಬುತ್ತಿದ್ದರು.

ಸಾಹೇಬರು ಬಾಟಲಿಯನ್ನು ಪಡಸಾಲೆಯ ಮೇಜಿನ ನಡುವೆ, ಪಟ್ಟಿ ಎಲ್ಲರಿಗೂ ಕಾಣುವಂತೆ ಇಟ್ಟರು. "ಇದನ್ನ ಯಾರೂ ಮುಟ್ಟಬ್ಯಾಡ್ರಿ" ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, ಸೇರಿದ್ದ ಜನರೆಲ್ಲ ಕೇಳುವಂತೆ ಹೇಳಿದರು: "ಅವ್ವಾರ, ಎಂಟು ಖುರಾಕಿನ ಔಷಧಕ್ಕ ನಾ ನಾಲ್ಕರ ಪಟ್ಟಿ ಹಚ್ಚೇನಿ. ತಪ್ಪ ನಂದು. ಈಗ ಬೈಬ್ಯಾಡ್ರಿ, ಕೂಸಿನ ಕಡೆ ನೋಡೂನು. ಆಮ್ಯಾಲ ಎಷ್ಟ ಬೇಕಷ್ಟ ಬೈರಿ."

ಅತ್ತೆ ಆಮೇಲಿನ ತನಕ ಕಾಯಲಿಲ್ಲ. ವಿಷ ಹಾಕಿದ, ನನ್ನ ಮಗ ಊರಲ್ಲಿಲ್ಲವೆಂದು ಹೀಗೆ ಮಾಡಿದ ಎಂದು ಎದೆ ಬಡಿದುಕೊಂಡರು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರು ಗಂಡಸರು ಕಟ್ಟೆ ಹತ್ತಿ ಮೇಲೆ ಬಂದರು. ಆಯಾ ನನ್ನನ್ನೇ ನೋಡುತ್ತಿದ್ದಳು. ಮಲಗಿದ ಮನುಷ್ಯನನ್ನು ನಾನೇ ಎಬ್ಬಿಸಿದೆ, ಎಬ್ಬಿಸಬೇಡವೆಂದರೂ ಎಬ್ಬಿಸಿದೆ ಎಂದು ಆ ಹೊತ್ತಿಗೆ ಹೇಳಬೇಕಾಗಿತ್ತು. ಅತ್ತೆಯ ಮುಖ ನೋಡಿದೆ, ಜನರ ಮುಖ ನೋಡಿದೆ... ತಲೆ ತಗ್ಗಿಸಿದೆ. ಸಾಹೇಬರು ಇದ್ಯಾವುದನ್ನೂ ನೋಡಲಿಲ್ಲ, ಅಥವಾ ನೋಡಿಯೂ ನೋಡದಂತಿದ್ದರು. ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡು ಕೆಲಸಕ್ಕೆ ನಿಂತರು.

ಮೊದಲು ವಾಂತಿ ಮಾಡಿಸಿದರು. ಆಯಾಳಿಂದ ಹಾಲಿಲ್ಲದ ಗಟ್ಟಿ ಚಹಾ ಕಾಸಿಸಿ, ಹತ್ತಿಯಿಂದ ಹನಿಹನಿಯಾಗಿ ನಾಲಿಗೆಗೆ ಬಿಟ್ಟರು. ಮುಖಕ್ಕೆ ತಣ್ಣೀರು. ಪಾದಕ್ಕೆ ಬೆರಳಿನಿಂದ ಏಟು. "ಹೆಸರ ಹಿಡದ ಕೂಗು ತಂಗೀ, ನಿನ್ನ ದನಿ ಗುರ್ತದ ಅದಕ್ಕ" ಎಂದರು. ನಾನು ಕೂಗುತ್ತ ಕೂತೆ. ಕೂಸನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯ ಆ ಕೊನೆಯಿಂದ ಈ ಕೊನೆಗೆ ತಿರುಗಾಡಿದರು. ತಿರುಗಾಡುತ್ತಲೇ ಕಾಲರಾದವರ ಸೂಜಿ ನೋಡಿ ಆಯಾಗೆ ಹೇಳಿದರು, ಉಪ್ಪುನೀರು ಮುಗಿದವರಿಗೆ ಒಂದು ಕೈಯಿಂದಲೇ ಬದಲಿಸಿದರು. ಕಟ್ಟೆ ಹತ್ತಿ ಬಂದಿದ್ದ ಆ ಇಬ್ಬರನ್ನು ಕರೆದು, "ಸುಮ್ನ ಯಾಕ ನಿಂತೀರಿ, ನೀರ ಕಾಸ್ರಿ" ಎಂದರು. ಅವರು ಬಂದಿದ್ದು ಬೇರೆ ಕೆಲಸಕ್ಕೆ. ಏನು ತೋಚಿತೋ, ಒಲೆಯ ಮುಂದೆ ಕೂತರು.

ಒಮ್ಮೆ ಉಸಿರು ನಿಂತೇ ಹೋಯಿತು. ನಾನು ಕೂಗುವುದನ್ನು ಮರೆತೆ. ಸಾಹೇಬರು ಕೂಸನ್ನು ಮೇಜಿನ ಮೇಲೆ ಮಲಗಿಸಿ, ಎರಡೂ ಪುಟ್ಟ ಕೈಗಳನ್ನು ತಲೆಯ ಮೇಲೆ ಎತ್ತಿ, ಎದೆಯ ಮೇಲೆ ತಂದು ಒತ್ತಿದರು. ಎತ್ತಿದರು, ಒತ್ತಿದರು. ಬಾಯಲ್ಲಿ ಏನೋ ಎಣಿಸುತ್ತಿದ್ದರು, ಒಂದೂ ತಪ್ಪದಂತೆ. ಎಷ್ಟು ಹೊತ್ತೋ ನನಗೆ ತಿಳಿಯದು. ಅತ್ತೆಯೂ ಬೈಯುವುದನ್ನು ನಿಲ್ಲಿಸಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ಕಡೆಗೆ ಕೂಸಿನ ಗಂಟಲಲ್ಲಿ ಒಂದು ಸಣ್ಣ ಸದ್ದಾಯಿತು. ಎದೆ ತಾನಾಗಿ ಏರಿತು.

ಬಿಸಿಲು ಇಳಿದು ದನ ಮನೆಗೆ ಬರುವ ಹೊತ್ತಿಗೆ ನನ್ನ ಮಗಳು ಕಣ್ಣು ಬಿಟ್ಟು, ಮುಖ ಕಿವುಚಿ, ಅತ್ತಳು. ಯಾವ ಅಳು ಕೇಳಲಾರದೆ ಬೆಳಿಗ್ಗೆ ಔಷಧಕ್ಕೆ ಓಡಿದ್ದೆನೋ ಅದೇ ಅಳು. ಅದಕ್ಕಿಂತ ಚಂದದ ಸದ್ದನ್ನು ನಾನು ಈವರೆಗೆ ಕೇಳಿಲ್ಲ. ಸಾಹೇಬರು ಕೂಸನ್ನು ನನ್ನ ಮಡಿಲಿಗೆ ಹಾಕಿದರು. "ಇನ್ನೂ ನಾಕ ತಾಸ ಮಲಗಗೊಡಬ್ಯಾಡ" ಎಂದರು. ಆಮೇಲೆ ಗೋಡೆಗೆ ಒರಗಿ, ಹಾಗೆಯೇ ಜಾರಿ ನೆಲಕ್ಕೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನೋಡಿ ಜನ ಒಬ್ಬೊಬ್ಬರಾಗಿ ಕಟ್ಟೆ ಇಳಿದು ಹೋದರು.

ಮರುದಿನ ಬೆಳಿಗ್ಗೆ ಅವರು ಮಾಡಿದ ಮೊದಲ ಕೆಲಸವೆಂದರೆ ಸ್ಟೂಲನ್ನು ಒಳಗೆ ತಂದಿದ್ದು. ಎರಡನೆಯದು, ಹಿಂದಿನ ಪಡಸಾಲೆಯಲ್ಲಿ ಒಂದು ಹೊರಸು ಹಾಕಿಸಿದ್ದು. ಬಂದವರಿಗೆಲ್ಲ ಸ್ಪಷ್ಟವಾಗಿ ಹೇಳಿದರು: "ದಿನಾ ಮಧ್ಯಾಹ್ನ ಎರಡ ತಾಸ ನಾ ಮಲಗ್ತೇನಿ. ಕಣ್ಣ ಗುಳಿ ಬಿದ್ದವ್ರು, ನಾಡಿ ಸಿಗಲಾರದವ್ರು ಬಂದ್ರ ಎಬ್ಬಿಸ್ರಿ. ಬ್ಯಾರೆ ಯಾರಿದ್ರೂ ಕೂಡ್ರಿ. ನಿದ್ದಿಗೆಟ್ಟ ಕೈಯಿಂದ ಔಷಧ ತಗೊಳ್ಳೋದಕ್ಕಿಂತ ಕೂಡೋದ ಚಲೋ." ಜನಕ್ಕೆ ಇದು ಹಿಡಿಸಲಿಲ್ಲ. ಆರು ದಿನ ಮಲಗದಿದ್ದಾಗ ದೇವರಂಥವರಾಗಿದ್ದ ಸಾಹೇಬರು ಎರಡು ತಾಸು ಮಲಗಿದ್ದಕ್ಕೆ ಸೋಮಾರಿಯಾದರು! ತಪ್ಪು ಮಾಡಿದ್ದಕ್ಕಿಂತ ಮಲಗಿದ್ದಕ್ಕೇ ಹೆಚ್ಚು ಬೈಸಿಕೊಂಡರು. ಅವರು ಬಗ್ಗಲಿಲ್ಲ. ಹೆಸರು ಕೆಡಿಸಿಕೊಂಡು ಮಲಗುವುದಕ್ಕೆ ಎಷ್ಟು ಎದೆ ಬೇಕೆಂದು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು.

ಆ ಮಧ್ಯಾಹ್ನ ನಾನು ಮೊರದಲ್ಲಿ ಜೋಳ ತುಂಬಿಕೊಂಡು, ಕೂಸನ್ನು ಅತ್ತೆಯ ಹತ್ತಿರ ಬಿಟ್ಟು, ಹಿಂದಿನ ಪಡಸಾಲೆಯ ಹೊಸ್ತಿಲಲ್ಲಿ ಹೋಗಿ ಕೂತೆ. ಯಾರೂ ಕರೆದಿರಲಿಲ್ಲ. ಜೋಳ ಹಸನು ಮಾಡಲು ಇಲ್ಲಿ ಗಾಳಿ ಚೆನ್ನಾಗಿದೆ ಎಂದೆ. ಆಯಾ ಸ್ವಲ್ಪ ಸರಿದು ಜಾಗ ಬಿಟ್ಟಳು. ಅಂದಿನಿಂದ ರೋಗ ಇಳಿಯುವವರೆಗೆ ದಿನಾ ಎರಡು ತಾಸು ಆ ಹೊಸ್ತಿಲು ನನ್ನದು. ನನ್ನ ದೊಡ್ಡ ಬಾಯಿ ಮೊದಲ ಸಲ ಒಳ್ಳೆಯ ಉಪಯೋಗಕ್ಕೆ ಬಂತು. ಒಬ್ಬ ಗೌಡರು ಹಲ್ಲುನೋವೆಂದು ಕೆನ್ನೆ ಹಿಡಿದುಕೊಂಡು ಬಂದು, ಎಬ್ಬಿಸು ಎಂದು ಗದರಿದರು. "ಹಲ್ಲ ಎರಡ ತಾಸಿನ್ಯಾಗ ಎಲ್ಲಿಗೂ ಓಡಿ ಹೋಗಂಗಿಲ್ರಿ, ಕೂಡ್ರಿ" ಎಂದೆ. ಅತ್ತೆಯ ತನಕ ದೂರು ಹೋಯಿತು. ಆದರೆ ನರೋಣಾದಿಂದ ಒಬ್ಬಾಕೆಯನ್ನು ಬಂಡಿಯಲ್ಲಿ ತಂದಾಗ, ನಾಡಿ ಹಿಡಿದು ನೋಡಿ, ನಾನೇ ಒಳಗೆ ಓಡಿ ಎಬ್ಬಿಸಿದೆ. ಯಾರಿಗಾಗಿ ಎಬ್ಬಿಸಬೇಕು, ಯಾರಿಗಾಗಿ ಎಬ್ಬಿಸಬಾರದು ಎಂಬುದನ್ನು ಅಷ್ಟರಲ್ಲಿ ಕಲಿತಿದ್ದೆ. ಆ ಹೆಂಗಸು ಬದುಕಿದಳು.

ಇನ್ನೊಂದು ರೂಢಿಯೂ ಆಗ ಶುರುವಾಯಿತು. ಪಟ್ಟಿ ಅಂಟಿಸಿದ ಬಾಟಲಿಯನ್ನು ಸಾಹೇಬರು ನೇರವಾಗಿ ರೋಗಿಗೆ ಕೊಡುತ್ತಿರಲಿಲ್ಲ. ನಾನಿದ್ದರೆ ನನ್ನ ಮುಂದೆ, ಇಲ್ಲದಿದ್ದರೆ ಆಯಾಳ ಮುಂದೆ ಹಿಡಿದು, "ಎಣಸು ತಂಗೀ" ಎನ್ನುವರು. ಗಟ್ಟಿಯಾಗಿ ಎಣಿಸಬೇಕು. ಎಷ್ಟು ಖುರಾಕು ಎಂದು ಅವರು ಮೊದಲೇ ಹೇಳುತ್ತಿರಲಿಲ್ಲ. ನಮ್ಮ ಎಣಿಕೆ ಅವರ ಎಣಿಕೆಗೆ ಕೂಡಿದರೆ ಮಾತ್ರ ಬಾಟಲಿ ಹೊರಗೆ. ಇಪ್ಪತ್ತು ವರ್ಷ ಕೆಲಸ ಮಾಡಿದ ಮನುಷ್ಯ, ನಾಲ್ಕನೆಯ ಈಯತ್ತೆ ಓದಿದ ನನ್ನಿಂದ ಎಣಿಸಿಕೊಳ್ಳುವುದಕ್ಕೆ ಒಂದು ದಿನವೂ ನಾಚಲಿಲ್ಲ. ಒಮ್ಮೆಯೂ ನಮ್ಮ ಎಣಿಕೆ ಬೇರೆಯಾಗಲಿಲ್ಲ. ಆದರೂ ಎಣಿಸುವುದನ್ನು ಬಿಡಲಿಲ್ಲ.

ಮಳೆ ಹಿಡಿದ ಮೇಲೆ ರೋಗ ನಿಧಾನವಾಗಿ ಇಳಿಯಿತು. ಸೆಪ್ಟೆಂಬರಿನಲ್ಲಿ ಸೈನ್ಯ ಬಂತು, ನಿಜಾಮರ ಆಳ್ವಿಕೆ ಮುಗಿಯಿತು, ನನ್ನ ಗಂಡ ಮನೆಗೆ ಬಂದರು. ನಮಗೆ ಅದು ಹಬ್ಬ. ಎಲ್ಲರಿಗೂ ಹಬ್ಬವಾಗಿರಲಿಲ್ಲ. ಆ ವಾರಗಳಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿ, ಯಾವ ಪಾಪವನ್ನೂ ಮಾಡದ ಸಾಬರ ಮನೆಗಳಿಗೂ ಏನೇನು ಬಂತೋ ಅದನ್ನು ಕಂಡವರು ಹೇಳುವುದಿಲ್ಲ, ನಾನೂ ಹೆಚ್ಚು ಹೇಳಲಾರೆ. ಇಷ್ಟು ಮಾತ್ರ ಬರೆಯುತ್ತೇನೆ. ವಿಷ ಹಾಕಿದ ಎಂದು ಎದೆ ಬಡಿದುಕೊಂಡಿದ್ದ ನಮ್ಮ ಅತ್ತೆ ಒಂದು ದಿನ ಬೆಳಿಗ್ಗೆ ರಸ್ತೆ ದಾಟಿ ಹೋಗಿ, ಸಾಹೇಬರ ಹೆಂಡತಿ ಮಕ್ಕಳನ್ನು ಕೈ ಹಿಡಿದು ಕರೆತಂದು, ನಮ್ಮ ದೇವರ ಕೋಣೆಯ ಪಕ್ಕದ ಕೋಣೆಯಲ್ಲಿ ಕೂರಿಸಿದರು. ಹತ್ತು ದಿನ ಅವರ ಊಟ ನಿದ್ದೆ ಅಲ್ಲೇ ಆಯಿತು. ಅತ್ತೆಯ ಬಗ್ಗೆ ನಾನು ಆಡಿದ ಮಾತನ್ನೆಲ್ಲ ಆ ಹತ್ತು ದಿನಕ್ಕಾಗಿ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಗಲಾಟೆ ತಣ್ಣಗಾದ ಮೇಲೆ ಸಾಹೇಬರು ಕೆಲಸ ಬಿಟ್ಟು, ಹೆಂಡತಿಯ ತವರಿನವರಿದ್ದ ಕಡೆ ಹೊರಟರು. ಬೆಳಗಿನ ಹೊತ್ತು ಬಂಡಿ ನಿಂತಿತ್ತು. ಸಾಮಾನು ಏನೂ ಇರಲಿಲ್ಲ, ಎರಡು ಟ್ರಂಕು, ಒಂದು ಹಾಸಿಗೆ. ನಾನು ಕೂಸನ್ನು ಎತ್ತಿಕೊಂಡು ಹೋದೆ. ಇವತ್ತು ಹೇಳಿಬಿಡುತ್ತೇನೆ, ಆವತ್ತು ನಿಮ್ಮನ್ನು ಎಬ್ಬಿಸಿದವಳು ನಾನು, ಎಲ್ಲರ ಮುಂದೆ ಬಾಯಿ ಮುಚ್ಚಿಕೊಂಡವಳೂ ನಾನು ಎಂದು ಹೇಳಿ ಕಾಲಿಗೆ ಬೀಳುತ್ತೇನೆ ಎಂದು ನಿಶ್ಚಯ ಮಾಡಿಕೊಂಡೇ ಹೋದೆ. ಅವರು ನಿದ್ದೆಗಣ್ಣಿನಲ್ಲಿ ಎದ್ದವರು, ಎಬ್ಬಿಸಿದ್ದು ಯಾರೆಂಬ ನೆನಪೂ ಅವರಿಗಿರಲಿಕ್ಕಿಲ್ಲ ಎಂದೇ ನಾನು ಅಷ್ಟು ತಿಂಗಳು ನಂಬಿದ್ದೆ.

ಅವರು ಕೂಸಿನ ಕೆನ್ನೆ ಮುಟ್ಟಿದರು. "ಮಲಗ್ತಾಳೇನು ಚಲೋತ್ನಾಗಿ?" ಎಂದು ಕೇಳಿದರು.

"ಮಲಗ್ತಾಳ್ರಿ ಸಾಹೇಬ್ರ" ಎಂದೆ. ಮುಂದಿನ ಮಾತು ಬಾಯಿಗೆ ಬರುವಷ್ಟರಲ್ಲಿ ಅವರು ಬಂಡಿ ಹತ್ತಿದರು. ಎತ್ತು ಮುಂದಕ್ಕೆ ಎಳೆದ ಮೇಲೆ ತಿರುಗಿ ನನ್ನ ಕಡೆ ನೋಡಿ ನಕ್ಕರು. "ನಾಳಿಗಿ ಹೊಸಾ ಕಂಪೌಂಡರ್ ಬರ್ತಾನ ತಂಗೀ. ಅವ ಮಲಗಿದ್ರ ಕೈಯಾಗಿನ ಬಳಿ ಬಾರಸಬ್ಯಾಡ" ಎಂದರು.

ಗೊತ್ತಿತ್ತು. ಆ ದಿನ ಜನ ಕಟ್ಟೆ ಹತ್ತಿ ಬಂದಾಗಲೂ ಅವರಿಗೆ ಗೊತ್ತಿತ್ತು. ಒಂದು ಮಾತಿನಲ್ಲಿ ತಮ್ಮ ತಲೆಯ ಮೇಲಿನದನ್ನು ನನ್ನ ತಲೆಗೆ ದಾಟಿಸಬಹುದಾಗಿತ್ತು, ದಾಟಿಸಲಿಲ್ಲ. ನಾನು ರಸ್ತೆಯ ನಡುವೆ ನಿಂತೇ ಇದ್ದೆ. ಬಂಡಿ ತಿರುವಿನಲ್ಲಿ ಮರೆಯಾಯಿತು...

ಆಮೇಲೆ ಅವರನ್ನು ನೋಡಲಿಲ್ಲ. ಏಳೆಂಟು ವರ್ಷದ ಮೇಲೆ, ಅವರು ತೀರಿಕೊಂಡರಂತೆ ಎಂದು ಅಫಜಲಪುರದಿಂದ ಬಂದವರೊಬ್ಬರು ಹೇಳಿದರು. ಯಾವಾಗ, ಎಲ್ಲಿ, ಅವರಿಗೂ ತಿಳಿದಿರಲಿಲ್ಲ. ಈ ಕಥೆಯನ್ನು ನಾನು ಮಗಳಿಗೆ ನೂರು ಸಲ ಹೇಳಿದ್ದೇನೆ: ಕಂಪೌಂಡರ್ ಸಾಹೇಬರು ಒಮ್ಮೆ ತಪ್ಪು ಮಾಡಿದರು, ನಿನ್ನನ್ನು ಬದುಕಿಸಿದರು ಎಂದು. ಎಬ್ಬಿಸಿದ್ದು ಯಾರೆಂಬ ಭಾಗವನ್ನು ಮಾತ್ರ ಪ್ರತಿ ಸಲವೂ ಹಾರಿಸಿದ್ದೇನೆ. ಮೊನ್ನೆ ಔಷಧ ಕುಡಿದ ಮೇಲೆ ಪೂರ್ತಿಯಾಗಿ ಹೇಳಿದೆ. ಮಗಳಿಗೆ ಈಗ ಅರವತ್ತು ದಾಟಿದೆ. ಲೋಟ ತೊಳೆದು ಬಾಟಲಿಯ ಮೇಲೆ ಮುಚ್ಚಿದಳು. ಕಡೆಗೆ, "ಅವರಿದ್ದಾಗ ಒಂದ ಮಾತ ಹೇಳಬೇಕಾಗಿತ್ತವ್ವಾ" ಎಂದಳು. ಅವಳು ಹೇಳಿದ್ದು ಸರಿ. ಹೇಳಬೇಕಾಗಿತ್ತು. ಅವರು ಈಗಿಲ್ಲ.